ಕುದುರೆ ಹೇಳಿದ್ದು, ರಾಣಿ ಕೇಳಿದ್ದು

ಹತ್ತಿರ ಬನ್ನಿ ಮಕ್ಕಳೇ, ದೂರ ಕೂತವರಿಗೆ ಕಥೆ ಅರ್ಧವೇ ಸಿಕ್ಕೋದು.

ಬಿಳಿಗಲ್ಲು ಅಂತ ಒಂದು ರಾಜ್ಯ. ಒಂದು ಕಡೆ ಹೊಳೆ, ಉಳಿದ ಕಡೆಯೆಲ್ಲ ಬೆಟ್ಟ, ನಡುವೆ ಒಂದು ಕೋಟೆ. ಆ ಕೋಟೆಯಲ್ಲಿ ಬೊಮ್ಮರಸ ಅನ್ನೋ ದೊರೆ ಇದ್ದ. ದೊರೆ ಒಳ್ಳೆಯವನೇ. ಆದರೆ ಅವನಿಗೆ ಒಂದು ಕೊರಗು. ಎದುರಿಗೆ ಬಂದವರೆಲ್ಲ ನಗ್ತಾರೆ, ಕೈ ಮುಗೀತಾರೆ, ಹೊಗಳ್ತಾರೆ. ಒಳಗೆ ಏನಿದೆಯೋ ಯಾರಿಗೆ ಗೊತ್ತು?

ಒಂದು ಸಲ ಬೇಟೆಗೆ ಹೋದ ದೊರೆ ದಾರಿ ತಪ್ಪಿದ. ಕಾಡಿನಲ್ಲಿ ಒಬ್ಬ ಮುದುಕಿ ಜೋಗಮ್ಮ ಬಾಯಾರಿ ಬಂಡೆಗೆ ಒರಗಿಕೊಂಡಿದ್ದಳು. ದೊರೆ ತನ್ನ ಹತ್ತಿರ ಉಳಿದಿದ್ದ ನೀರನ್ನೆಲ್ಲ ಅವಳಿಗೇ ಕುಡಿಸಿದ.

"ಏನು ಬೇಕು ಕೇಳಪ್ಪ," ಅಂದಳು ಜೋಗಮ್ಮ.

"ಜನರ ಮನಸ್ಸಲ್ಲಿ ಇರೋದು ನನಗೆ ಕೇಳಿಸ್ಬೇಕು ತಾಯಿ."

ಜೋಗಮ್ಮ ನಕ್ಕಳು. "ಅದು ಬೇಡ ಮಗನೇ. ನನ್ನ ಮನಸ್ಸೇ ನನಗೆ ಪೂರ್ತಿ ಗೊತ್ತಿಲ್ಲ. ಎಲ್ಲರದ್ದೂ ಕೇಳಿಸ್ಕೊಂಡ್ರೆ ಒಂದೇ ದಿನಕ್ಕೆ ನಿನ್ನ ತಲೆ ಕೆಡ್ತದೆ. ಪ್ರಾಣಿಗಳದ್ದು ಕೊಡ್ತೀನಿ, ಅದು ನೆಟ್ಟಗಿರ್ತದೆ." ಹಾಗಂದು ಅವನ ಕಿವಿಯಲ್ಲಿ ಉಫ್ ಅಂತ ಊದಿದಳು.

ದೊರೆ ಕುದುರೆ ಹತ್ತಿದ. ಕುದುರೆಯ ಹೆಸರು ಪಾರಿಜಾತ. "ಹಸಿವು, ಮನೆಗೆ ಹೋಗೋಣ," ಅಂತ ಪಾರಿಜಾತದ ಮನಸ್ಸು ಹೇಳ್ತಿತ್ತು. ಕೋಟೆಗೆ ಬಂದ. ನಾಯಿ ಗುಂಡ ಓಡಿ ಬಂದು, "ಬಂದ್ರು, ಬಂದ್ರು, ಬಂದ್ರು," ಅಂತಿತ್ತು. ಆನೆ ಚಾಮವ್ವ ಅವನನ್ನು ತೊಟ್ಟಿಲಿನ ಕೂಸಾಗಿದ್ದಾಗಿಂದ ನೋಡಿದವಳು. "ಬೆನ್ನು ತುರಿಸ್ತಿದೆ ಮಗಾ, ಸ್ವಲ್ಪ ಕೆರಿ," ಅಂದಳು. ದೊರೆ ಕೆರೆದ. "ಇನ್ನೂ ಸ್ವಲ್ಪ ಎಡಕ್ಕೆ," ಅಂದಳು.

ದೊರೆಗೆ ಹಿಡಿಸಲಾರದಷ್ಟು ಸಂತೋಷ. ಹಸಿದಾಗ ಹಸಿವು ಅನ್ನುತ್ತವೆ, ಸಿಟ್ಟು ಬಂದಾಗ ಸಿಟ್ಟು ಅನ್ನುತ್ತವೆ. ಒಳಗೊಂದು ಹೊರಗೊಂದು ಇಲ್ಲವೇ ಇಲ್ಲ. ಇಂಥವರಲ್ಲವಾ ನನಗೆ ಮಂತ್ರಿಗಳು ಅಂದುಕೊಂಡ. ಅವತ್ತಿನಿಂದ ದರ್ಬಾರಿಗೆ ಹೋಗೋದು ಕಡಿಮೆಯಾಯಿತು, ಲಾಯದಲ್ಲಿ ಕೂರೋದು ಜಾಸ್ತಿಯಾಯಿತು. ಯಾರು ಒಳ್ಳೆಯವರು, ಯಾರು ಕೆಟ್ಟವರು ಅಂತ ಪ್ರಾಣಿಗಳನ್ನೇ ಕೇಳತೊಡಗಿದ.

ಮೊದಲು ಕುದುರೆಯನ್ನು ಕೇಳಿದ. "ಕುದುರೆ ವೈದ್ಯ ಬಸವಯ್ಯ ಹೇಗೆ?"

"ಕೆಟ್ಟವನು. ನನ್ನ ಬಾಯಿ ಬಿಡಿಸಿ ಕಹಿ ಕಷಾಯ ಹೊಯ್ತಾನೆ."

ದೊರೆ ವೈದ್ಯನನ್ನು ಕೆಲಸದಿಂದ ತೆಗೆದ.

ಆಮೇಲೆ ನಾಯಿಯನ್ನು ಕೇಳಿದ. "ಬಾಗಿಲು ಕಾಯೋ ಬೋರೇಗೌಡ ಹೇಗೆ?"

"ಕೆಟ್ಟವನು. ಗಾಡಿ ಬರೋ ಹೊತ್ತಿಗೆ ದಾರಿಯಲ್ಲಿ ಮಲಗಿದ್ರೆ ಕೋಲು ತಗೊಂಡು ಓಡಿಸ್ತಾನೆ."

ದೊರೆ ಬೋರೇಗೌಡನನ್ನೂ ತೆಗೆದ.

ಕೊನೆಗೆ ಆನೆಯನ್ನು ಕೇಳಿದ. "ಮಾವುತ ಇಮಾಮ್ ಹೇಗೆ ಚಾಮವ್ವ?"

"ಕೆಟ್ಟವನು ಮಗಾ. ರೈತರ ಕಬ್ಬಿನ ಗದ್ದೆ ಕಣ್ಣೆದುರಿಗೇ ಇರ್ತದೆ. ಒಳಗೆ ಹೋಗಕ್ಕೆ ಬಿಡೋದಿಲ್ಲ."

ದೊರೆ ಮಾವುತನನ್ನೂ ಕಳಿಸಿಬಿಟ್ಟ. ಮೂವರೂ ಗಂಟು ಮೂಟೆ ಕಟ್ಟಿಕೊಂಡು, ಮಾಡಿದ ತಪ್ಪೇನು ಅಂತ ತಿಳಿಯದೆ, ಕೋಟೆ ಬಿಟ್ಟು ಪೇಟೆಯ ಛತ್ರಕ್ಕೆ ಹೋಗಿ ಕೂತರು.

ಇದನ್ನೆಲ್ಲ ಒಬ್ಬ ನೋಡ್ತಾ ಇದ್ದ. ಅವನು ದಳವಾಯಿ ಕೆಂಚನಾಯಕ, ಸೈನ್ಯದ ಯಜಮಾನ. ಅವನಿಗೆ ಸಿಂಹಾಸನದ ಮೇಲೆ ಬಹಳ ದಿನದಿಂದ ಕಣ್ಣಿತ್ತು. ಹೊಳೆಯಾಚೆಯ ಪಾಳೆಗಾರನ ಜೊತೆ ಒಳಗೊಳಗೇ ಮಾತೂ ನಡೆಸಿದ್ದ. ದೊರೆ ಪ್ರಾಣಿಗಳ ಮಾತು ನಂಬ್ತಾನೆ ಅಂತ ಗೊತ್ತಾದದ್ದೇ ತಡ, ಅವನು ಮಾಡಿದ್ದೇನು? ಕುದುರೆಗೆ ಬೆಲ್ಲ ತಂದ. ನಾಯಿಗೆ ಮೂಳೆ ತಂದ. ಆನೆಗೆ ಕಬ್ಬು ತಂದ. ಪ್ರಾಣಿಗೆ ನೆನಪಿರೋದು ತಿಂದದ್ದು ಮಾತ್ರ, ತಿನ್ನಿಸಿದವನು ಯಾಕೆ ತಿನ್ನಿಸಿದ ಅಂತ ಅದು ಕೇಳೋದಿಲ್ಲ. ಇದು ಅವನ ಲೆಕ್ಕಾಚಾರ.

ದೊರೆ ಕೇಳಿದಾಗ ಕುದುರೆ ಹೇಳಿತು, "ಕೆಂಚನಾಯಕ ಒಳ್ಳೆಯವನು." ನಾಯಿ ಹೇಳಿತು, "ಬಹಳ ಒಳ್ಳೆಯವನು." ಚಾಮವ್ವ ಹೇಳಿದಳು, "ಅವನಷ್ಟು ಒಳ್ಳೆಯವನು ಈ ಸೀಮೆಯಲ್ಲೇ ಇಲ್ಲ ಮಗಾ."

ಮೂರು ಬಾಯಲ್ಲೂ ಒಂದೇ ಮಾತು. ದೊರೆ ನಿರ್ಧಾರ ಮಾಡಿಬಿಟ್ಟ. ನಾಳೆ ದರ್ಬಾರಿನಲ್ಲಿ ಕೋಟೆಯ ಬೀಗದ ಕೈ ಕೆಂಚನಾಯಕನಿಗೆ.

ರಾಣಿ ದೇಮವ್ವ ಈ ಸುದ್ದಿ ಕೇಳಿ ನೇರ ಲಾಯಕ್ಕೇ ಬಂದಳು. ದೊರೆ ಹುಲ್ಲಿನ ರಾಶಿಯ ಮೇಲೆ ಕೂತಿದ್ದ.

"ಬೀಗದ ಕೈ ಅವನಿಗೆ ಕೊಡ್ತೀರಂತೆ, ಹೌದಾ?"

"ಹೌದು ದೇಮು. ಮನುಷ್ಯರು ಸುಳ್ಳು ಹೇಳ್ಬಹುದು. ಇವು ಹೇಳೋದಿಲ್ಲ."

"ಸುಳ್ಳು ಹೇಳೋದಿಲ್ಲ, ಒಪ್ಪಿದೆ. ಆದರೆ ನೀವು ಕೇಳಿದ್ದೇನು?"

"ಕೆಂಚನಾಯಕ ಒಳ್ಳೆಯವನಾ ಅಂತ."

"ಅದು ಕುದುರೆಯನ್ನ ಕೇಳೋ ಪ್ರಶ್ನೆಯಲ್ಲ ದೊರೆ. ಬೆಲ್ಲ ಕೊಟ್ಟವನು ಅದಕ್ಕೆ ಒಳ್ಳೆಯವನು. ಕಷಾಯ ಕುಡಿಸಿದವನು ಕೆಟ್ಟವನು. ಆ ಕಷಾಯ ಇಲ್ಲದಿದ್ರೆ ಹೋದ ವರ್ಷ ಹೊಟ್ಟೆ ಉಬ್ಬಿ ಸಾಯ್ತಿತ್ತು ಅನ್ನೋದು ಅದಕ್ಕೇನು ಗೊತ್ತು? ಈಗ ಬೇರೆ ಪ್ರಶ್ನೆ ಕೇಳಿ. ತಿನ್ನಿಸಿದ ಮೇಲೆ ಅವನು ಏನು ಮಾಡ್ತಾನೆ, ಅದನ್ನ ಕೇಳಿ."

ದೊರೆಗೆ ಇದು ಹೊಳೆದೇ ಇರಲಿಲ್ಲ. ಕುದುರೆಯ ಕಡೆ ತಿರುಗಿದ.

ಕುದುರೆ ಹೇಳಿತು, "ಬೆಲ್ಲ ಕೊಟ್ಟು ನನ್ನ ಮೇಲೆ ಹತ್ತಿ ಹೊಳೆ ದಾಟಿಸ್ತಾನೆ. ಪಾಳೆಗಾರನ ಮನೆ ಮುಂದೆ ಕಟ್ತಾನೆ. ಅಲ್ಲಿ ಹುರುಳಿ ಬಹಳ ಚೆನ್ನಾಗಿದೆ."

ನಾಯಿ ಹೇಳಿತು, "ಕೋಟೆ ಹಿಂದಿನ ಕಿರುಬಾಗಿಲಿಗೆ ಕರ್ಕೊಂಡು ಹೋಗ್ತಾನೆ. ಹೊಸಬರು ಬಂದು ನಿಲ್ತಾರೆ. ಬೊಗಳದೆ ಸುಮ್ಮನಿದ್ರೆ ಮೂಳೆ ಸಿಗ್ತದೆ. ನಾನೀಗ ಬೊಗಳೋದೇ ಇಲ್ಲ."

ಚಾಮವ್ವ ಹೇಳಿದಳು, "ಮಾವಿನ ತೋಪಿಗೆ ಕರ್ಕೊಂಡು ಹೋಗಿ ಅಂಬಾರಿ ಕಟ್ಟಿಸ್ತಾನೆ ಮಗಾ. ತಾನೇ ಅದರಲ್ಲಿ ಕೂರ್ತಾನೆ. ಅವನ ಆಳುಗಳು 'ಕೆಂಚನಾಯಕ ದೊರೆಗೆ ಜಯವಾಗಲಿ' ಅಂತಾರೆ. ಆಗ ನಾನು ಸೊಂಡಿಲು ಎತ್ತಬೇಕು. ಎತ್ತಿದ್ರೆ ಕಬ್ಬು. ಈಗ ಚೆನ್ನಾಗಿ ಕಲಿತಿದ್ದೀನಿ, ತೋರಿಸ್ಲಾ?"

ದೊರೆ ಹುಲ್ಲಿನ ರಾಶಿಯಿಂದ ಎದ್ದು ನಿಂತ. ಕೇಳಿದ್ದನ್ನೆಲ್ಲ ರಾಣಿಗೆ ಹೇಳಿದ. ಆಮೇಲೆ ಪ್ರಾಣಿಗಳ ಕಡೆ ತಿರುಗಿ, "ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ಅಂದ.

"ನೀನು ಕೇಳಲೇ ಇಲ್ಲವಲ್ಲ ಮಗಾ," ಅಂದಳು ಚಾಮವ್ವ.

ಒಂದೊಂದಕ್ಕೂ ಗೊತ್ತಿದ್ದದ್ದು ಒಂದೊಂದು ತುಂಡು. ಆ ತುಂಡುಗಳನ್ನು ಪಕ್ಕಪಕ್ಕ ಇಟ್ಟು ನೋಡೋ ಕೆಲಸ ಅವುಗಳದ್ದಲ್ಲ. ರಾಣಿ ಇಟ್ಟು ನೋಡಿದಳು. ಹೊಳೆಯಾಚೆಯ ಪಾಳೆಗಾರ, ಹಿಂದಿನ ಕಿರುಬಾಗಿಲು, ಅಂಬಾರಿ. ಇನ್ನೇನು ಬೇಕು?

ದೊರೆ ಕತ್ತಿಗೆ ಕೈ ಹಾಕಿದ. ರಾಣಿ ತಡೆದಳು.

"ಈಗ ಹಿಡಿದ್ರೆ ಅವನು ಇಲ್ಲ ಅಂತಾನೆ. ಕುದುರೆ ಸಾಕ್ಷಿ ಹೇಳಿತು ಅಂದ್ರೆ ಸೈನಿಕರು ನಂಬ್ತಾರಾ? ಅವನ ಬಾಯಿಂದಲೇ ಬರಬೇಕು."

"ಅವನು ಹೇಳ್ತಾನಾ?"

"ನೀವು ನಾಳೆ ಒಂದು ಮಾತೂ ಆಡಬೇಡಿ. ಒಬ್ಬೊಬ್ಬರ ಮುಖ ನೋಡ್ತಾ 'ಹೂಂ' ಅನ್ನಿ ಸಾಕು. ಉಳಿದದ್ದು ನನಗೆ ಬಿಡಿ."

ಬೆಳಿಗ್ಗೆ ದರ್ಬಾರು ತುಂಬಿತ್ತು. ದಳವಾಯಿ ಹೊಸ ರುಮಾಲು ಸುತ್ತಿಕೊಂಡು ಮುಂದೆಯೇ ನಿಂತಿದ್ದ. ಗುಂಡ ಸಿಂಹಾಸನದ ಕೆಳಗೆ ಮಲಗಿತ್ತು. ರಾಣಿ ಎದ್ದು ನಿಂತು ಹೇಳಿದಳು.

"ಎಲ್ಲರಿಗೂ ಒಂದು ಸಿಹಿ ಸುದ್ದಿ. ದೊರೆಗೆ ಇಷ್ಟು ದಿನ ಪ್ರಾಣಿಗಳ ಮನಸ್ಸು ಮಾತ್ರ ಕೇಳಿಸ್ತಿತ್ತು. ಇವತ್ತಿನಿಂದ ಮನುಷ್ಯರದ್ದೂ ಕೇಳಿಸ್ತದೆ. ಬೀಗದ ಕೈ ಕೊಡೋ ಮುಂಚೆ ಎಲ್ಲರ ಮನಸ್ಸನ್ನೂ ಒಂದು ಸಲ ಕೇಳಿಸ್ಕೊಳ್ತಾರೆ."

ದರ್ಬಾರಿನಲ್ಲಿ ಎಲ್ಲರೂ ನೆಲ ನೋಡತೊಡಗಿದರು. ಕೆಮ್ಮುತ್ತಿದ್ದವನ ಕೆಮ್ಮೂ ನಿಂತಿತು.

ದೊರೆ ಮೊದಲು ಪುರೋಹಿತರನ್ನು ನೋಡಿದ. ನೋಡಿ ನೋಡಿ, "ಹೂಂ," ಅಂದ.

ಪುರೋಹಿತರು ಕೈ ಮುಗಿದರು. "ತಪ್ಪಾಯಿತು ಪ್ರಭು. ಚೌತಿಯ ದಿನ ನೈವೇದ್ಯಕ್ಕೆ ಮುಂಚೆ ಕಡುಬು ತಿಂದೆ. ಒಂದೇ ಅಂತ ಹೇಳಕ್ಕೆ ಹೊರಟಿದ್ದೆ, ಆದರೆ ನಿಮಗೆ ಕೇಳಿಸಿಯೇ ಇರ್ತದೆ. ತಟ್ಟೆ ಪೂರ್ತಿ."

ದೊರೆ ಆಸ್ಥಾನ ಕವಿಯನ್ನು ನೋಡಿದ. "ಹೂಂ," ಅಂದ.

ಕವಿ ಕಾಲಿಗೇ ಬಿದ್ದ. "ನಿಮ್ಮ ಮೇಲೆ ಬರೆದ ಪದ್ಯ ಅಸಲಿಗೆ ನಿಮ್ಮ ತಂದೆಯವರ ಮೇಲೆ ಬರೆದದ್ದು ಬುದ್ಧಿ. ಹೆಸರೊಂದು ಬದಲಾಯಿಸಿದೆ. ಅದಕ್ಕೇ ಅದರಲ್ಲಿ ದೊಡ್ಡ ಹೊಟ್ಟೆಯ ವರ್ಣನೆ ಬಂದಿರೋದು."

ಜನ ನಗು ತಡೆದುಕೊಂಡರು. ತಮ್ಮ ಸರದಿ ಬರ್ತದಲ್ಲ ಅಂತ ನೆನೆದು ಆ ನಗುವೂ ಹೋಯಿತು.

ದೊರೆಯ ಕಣ್ಣು ಕೆಂಚನಾಯಕನ ಮೇಲೆ ಬಂದು ನಿಂತಿತು.

ಕೆಂಚನಾಯಕ ಗಟ್ಟಿ ಮನುಷ್ಯ. ಪಾಳೆಗಾರನ ವಿಷಯ ನೆನೆಸಬಾರದು ಅಂತ ತೀರ್ಮಾನ ಮಾಡಿದ. ಬದನೆಕಾಯಿಯನ್ನು ನೆನೆಸಿಕೊಳ್ಳೋಣ ಅಂದುಕೊಂಡ. ಬದನೆಕಾಯಿ, ಬದನೆಕಾಯಿ, ಬದನೆಕಾಯಿ. ಸ್ವಲ್ಪ ಹೊತ್ತು ಬದನೆಕಾಯಿ ಸುಮ್ಮನೆ ಇತ್ತು. ಆಮೇಲೆ ಪಾಳೆಗಾರನ ಮನೆಯಲ್ಲಿ ತಿಂದ ಎಣ್ಣೆಗಾಯಿ ನೆನಪಾಯಿತು. ಎಣ್ಣೆಗಾಯಿಯ ಪಕ್ಕದಲ್ಲಿ ಪಾಳೆಗಾರ ಕೂತಿದ್ದ. ಬೇಡ ಬೇಡ ಅಂದಷ್ಟೂ ಅವನು ದೊಡ್ಡವನಾಗ್ತಾ ಹೋದ. ಮನಸ್ಸನ್ನು ಎತ್ತ ತಿರುಗಿಸಿದರೂ ಅದು ಕಿರುಬಾಗಿಲಿಗೇ ಹೋಗಿ ನಿಲ್ತಿತ್ತು.

ಗುಂಡ ಮಾತ್ರ ನಿದ್ದೆಯಲ್ಲೇ ಬಾಲ ಆಡಿಸ್ತಿತ್ತು. ಅದರ ಮನಸ್ಸಿನಲ್ಲಿ ಮುಚ್ಚಿಡೋದು ಏನೂ ಇರಲಿಲ್ಲ.

ದೊರೆ "ಹೂಂ" ಅಂದ. ಸ್ವಲ್ಪ ತಡೆದು ಮತ್ತೆ "ಹೂಂ" ಅಂದ. ಮೂರನೆಯ ಸಲ "ಹೂಂ" ಅಂದಾಗ ಕೆಂಚನಾಯಕ ಹೊಸ ರುಮಾಲು ತೆಗೆದು ಕೆಳಗಿಟ್ಟ.

"ಅದು ನನ್ನ ಯೋಚನೆಯಲ್ಲ ಪ್ರಭು, ಪಾಳೆಗಾರನದ್ದು. ನಾನು ಬೇಡ ಅಂತಲೇ ಹೇಳಿದ್ದೆ. ಹೇಳಿರಲಿಲ್ಲ, ಹೇಳಬೇಕು ಅಂತಿದ್ದೆ. ಇವತ್ತು ಸಂಜೆ ಕಿರುಬಾಗಿಲಿಗೆ ಅವನ ಜನ ಬರ್ತಾರೆ. ನಾನು ಬೀಗ ತೆಗೀಬೇಕಿತ್ತು. ನಿಮ್ಮ ಪ್ರಾಣಕ್ಕೆ ಏನೂ ಮಾಡಬೇಡಿ ಅಂತ ಕೇಳ್ಕೊಂಡಿದ್ದೆ ಬುದ್ಧಿ, ಅದಾದರೂ ನಿಮಗೆ ಕೇಳಿಸಿರ್ತದಲ್ಲ."

ಅವನ ಕೈಕೆಳಗಿನ ಸೈನಿಕರೇ ಬಂದು ಅವನ ತೋಳು ಹಿಡಿದರು.

ರಾಣಿ ಛತ್ರದಿಂದ ಬೋರೇಗೌಡನನ್ನು ಕರೆಸಿದಳು. ಅವನು ಕಿರುಬಾಗಿಲಿಗೆ ಒಳಗಿನಿಂದ ಕಲ್ಲು ಪೇರಿಸಿದ. ಸಂಜೆ ಪಾಳೆಗಾರನ ಜನ ಬಂದು ಬಾಗಿಲು ತಟ್ಟಿದರು, ತಳ್ಳಿದರು, ಕಿವಿಯಿಟ್ಟು ಕೇಳಿದರು. ಕೋಟೆಯ ಮೇಲಿಂದ ಬೋರೇಗೌಡ, "ದಳವಾಯಿಗಳು ಕೆಲಸದಲ್ಲಿದ್ದಾರೆ, ಹೋಗಿ ಬನ್ನಿ," ಅಂದ. ಸಾಲಾಗಿ ನಿಂತ ಸೈನಿಕರನ್ನು ನೋಡಿ ಅವರು ಬಂದ ದಾರಿಯಲ್ಲೇ ಓಡಿದರು.

ಬೋರೇಗೌಡ ಸುಳ್ಳೇನೂ ಹೇಳಿರಲಿಲ್ಲ. ಕೆಂಚನಾಯಕ ಆಗಲೇ ಕಾಲಿಗೆ ಸರಪಳಿ ಹಾಕಿಸಿಕೊಂಡು ಆನೆ ಲಾಯದಲ್ಲಿ ಲದ್ದಿ ಬಾಚ್ತಾ ಇದ್ದ. ಅದೇ ಅವನಿಗೆ ಆದ ಶಿಕ್ಷೆ. ಚಾಮವ್ವನಿಗೆ ಅವನ ಮೇಲೆ ಇನ್ನೂ ಪ್ರೀತಿ. "ಒಳ್ಳೆಯವನು, ಇವತ್ತು ಕಬ್ಬು ಮರೆತಿದ್ದಾನೆ ಅಷ್ಟೇ," ಅಂತಿದ್ದಳು.

ದೊರೆ ತಾನೇ ಛತ್ರಕ್ಕೆ ಹೋಗಿ ವೈದ್ಯನಿಗೂ ಮಾವುತನಿಗೂ ತಪ್ಪಾಯಿತು ಅಂದು, ಇಬ್ಬರನ್ನೂ ಕರೆತಂದ. ಬಂದವನು ರಾಣಿ ಕೂತಿದ್ದ ಜಗಲಿಯ ಮೇಲೆ ಸುಸ್ತಾಗಿ ಕೂತ.

"ಮನುಷ್ಯನ ಮನಸ್ಸು ಬಹಳ ಭಯದ ವಸ್ತು ದೇಮು. ಎಷ್ಟು ಮಡಿಕೆ, ಎಷ್ಟು ಮೂಲೆ. ನನಗೆ ನನ್ನ ಕುದುರೆಯೇ ಸಾಕು."

"ಸಂಚು ಹೂಡಿದ್ದು ಅಂಥ ಮನಸ್ಸೇ. ಅದನ್ನ ಕಂಡುಹಿಡಿದದ್ದೂ ಅಂಥದೇ ಮನಸ್ಸು ದೊರೆ."

ದೊರೆ ಅವಳ ಮುಖವನ್ನೇ ನೋಡಿದ. "ಈಗ ನಿನ್ನ ಮನಸ್ಸಲ್ಲಿ ಏನಿದೆ? ನನಗೆ ಕೇಳಿಸೋದಿಲ್ಲ."

"ಹಸಿವಿದೆ. ನನ್ನ ಮಾತಿಗಿಂತ ಕುದುರೆ ಮಾತು ನಿಮಗೆ ಹೆಚ್ಚಾಯಿತಲ್ಲ ಅಂತ ಸಿಟ್ಟಿದೆ. ಕೆಂಚನಾಯಕನ ಹೆಂಡತಿ ಮಕ್ಕಳ ಗತಿ ಏನು ಅಂತ ಚಿಂತೆ ಇದೆ. ನೀವು ಬದುಕಿ ಕೂತಿದ್ದೀರಲ್ಲ ಅಂತ ಸಂತೋಷವೂ ಇದೆ."

"ಎಲ್ಲ ಒಟ್ಟಿಗೇನಾ?"

"ಒಟ್ಟಿಗೇ."

ದೊರೆ ಅವಳ ಪಕ್ಕಕ್ಕೆ ಸರಿದು ಕೂತ. ಆಮೇಲೆ ಇಬ್ಬರೂ ಊಟಕ್ಕೆ ಎದ್ದರು.

ಮಕ್ಕಳೇ, ಇದರ ನೀತಿ ಇಷ್ಟೇ. ಪ್ರಾಣಿಯ ಮನಸ್ಸು ನೆಟ್ಟಗಿರ್ತದೆ, ಅದರ ಪ್ರೀತಿಯನ್ನು ಪೂರ್ತಿ ನಂಬಿ. ಮನುಷ್ಯನ ಮನಸ್ಸಿಗೆ ಮಡಿಕೆಗಳು ಬಹಳ. ಒಬ್ಬ ಏನು ಕೊಟ್ಟ ಅನ್ನೋದರಿಂದ ಅವನನ್ನು ಅಳೆಯಬೇಡಿ, ಯಾಕೆ ಕೊಟ್ಟ ಅಂತ ನೋಡಿ. ಒಬ್ಬರ ಮನಸ್ಸು ತಿಳೀಬೇಕು ಅಂದ್ರೆ ಅವರನ್ನೇ ಕೇಳಿ, ಅವರು ಹೇಳಿ ಮುಗಿಸೋ ತನಕ ಕೂತು ಕೇಳಿಸಿಕೊಳ್ಳಿ.