ಅಳಿಸಿದ ಅಭಿಪ್ರಾಯ

ನದೀತೀರದ ಆಶ್ರಮದಲ್ಲಿ ಚನ್ನಬಸವಯ್ಯ ಎಂಬ ಗುರುಗಳಿದ್ದರು. ಕಲಿತದ್ದನ್ನು ಹಂಚದೆ ಬಚ್ಚಿಟ್ಟುಕೊಳ್ಳುವುದು ಅವರಿಗೆ ಸೇರುತ್ತಿರಲಿಲ್ಲ.

ಅವರ ಶಿಷ್ಯೆ ಮಂದಾಕಿನಿ ಊಟ ನಿದ್ದೆ ಬಿಟ್ಟು ಒಂದು ಜಾಲತಾಣ ಕಟ್ಟಿದಳು. ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ, ಹಂಚಬಹುದಾದ ಮುಕ್ತ ತಂತ್ರಾಂಶಗಳನ್ನು ಜನರಿಗೆ ಪರಿಚಯಿಸುವ ತಾಣ.

"ಜನ ಏನಂತಾರೆ, ಕೇಳು," ಎಂದರು ಗುರುಗಳು.

ಕೇಳಿದಳು. ಬಂದ ಅಭಿಪ್ರಾಯಗಳನ್ನು ಗುರುಗಳ ಮುಂದೆ ಓದಿದಳು. ಚೆನ್ನಾಗಿದೆ, ಬಹಳ ಚೆನ್ನಾಗಿದೆ, ಅಭಿನಂದನೆ.

"ಬೈದವರು ಯಾರೂ ಇಲ್ವಾ?"

ಮಂದಾಕಿನಿ ತಲೆ ತಗ್ಗಿಸಿದಳು. "ಒಬ್ಬರಿದ್ದರು. ಜುಲೇಖಾ ಅಂತ, ಮಕ್ಕಳಿಗೆ ಚಿತ್ರಕಲೆ ಕಲಿಸ್ತಾರಂತೆ. ಚಿತ್ರ ಬಿಡಿಸೋ ತಂತ್ರಾಂಶ ಹುಡುಕಿ ಹುಡುಕಿ ಸುಸ್ತಾದೆ, ಈ ತಾಣ ನಮ್ಮಂಥವರಿಗಲ್ಲ ಅಂತ ಬರೆದಿದ್ದರು. ಅಳಿಸಿಬಿಟ್ಟೆ."

"ಯಾಕಮ್ಮ?"

"ಎಲ್ಲಾ ಅಲ್ಲೇ ಇದೆ ಗುರುಗಳೇ. ಅವರು ಸರಿಯಾಗಿ ನೋಡಿಲ್ಲ."

ಗುರುಗಳು ಗದರಲಿಲ್ಲ. ಕನ್ನಡಕ ಏರಿಸಿಕೊಂಡು ಕಂಪ್ಯೂಟರ್ ಮುಂದೆ ಕೂತರು. "ನಾನೂ ಚಿತ್ರ ಬಿಡಿಸ್ತೀನಿ. ಆ ತಂತ್ರಾಂಶ ಎಲ್ಲಿದೆ, ನೋಡೋಣ."

ಮೊದಲ ಪುಟದಲ್ಲೇ ತಡವರಿಸಿದರು. "ಈ ಸೋರ್ಸ್ ಕೋಡ್ ಅಂದ್ರೇನು?" ಅವಳು ವಿವರಿಸಿದಳು. ಇನ್ನೆಲ್ಲೋ ಒತ್ತಿದರು, ಮತ್ತಾವುದೋ ಪುಟ ಬಂತು.

"ಅಲ್ಲಲ್ಲ, ಇಲ್ಲಿ!" ಎಂದು ಅವಳು ಮೌಸ್ ಕಸಿದುಕೊಂಡು ತಾನೇ ಒತ್ತಿದಳು. ತಂತ್ರಾಂಶ ಇಳಿಯತೊಡಗಿತು.

"ನೋಡಿದ್ರಾ, ಎಷ್ಟು ಸುಲಭ!"

"ಸುಲಭವೇ." ಗುರುಗಳು ನಕ್ಕರು. "ಜುಲೇಖಾ ಪಕ್ಕದಲ್ಲಿ ಯಾರು ಕೂತಿದ್ರು ಮಗಳೇ?"



ಅಂದೇ ಮಂದಾಕಿನಿ ಆ ಅಭಿಪ್ರಾಯವನ್ನು ತಾಣಕ್ಕೆ ಮರಳಿ ಹಾಕಿದಳು. ಕ್ಷಮೆ ಕೇಳಿ, ತನ್ನ ಫೋನ್ ನಂಬರ್ ಕೊಟ್ಟು ಜುಲೇಖಾಗೆ ಬರೆದಳು. ಮರುದಿನ ಬೆಳಗ್ಗೆ ಫೋನ್ ಬಂತು. ಆಕೆ ಒಂದೊಂದೇ ಪುಟ ತೆರೆದು, ಬೈಯುತ್ತಲೇ ತಪ್ಪು ತೋರಿಸುತ್ತಾ ಹೋದರು. ಊಟದ ಗಂಟೆ ಹೊಡೆದರೂ ಮಾತು ಮುಗಿಯಲಿಲ್ಲ.

ಮಂದಾಕಿನಿ ಊಟದ ಮನೆಗೆ ಬಂದಾಗ ಪಂಕ್ತಿ ಎದ್ದುಹೋಗಿತ್ತು. ಗುರುಗಳೊಬ್ಬರೇ ಅವಳಿಗಾಗಿ ಕಾದು ಕೂತಿದ್ದರು. ಅವಳ ಕಣ್ಣುಗಳು ಕೆಂಪಾಗಿದ್ದವು.

"ಮುಖಪುಟವನ್ನೇ ಹೊಸದಾಗಿ ಬರೀಬೇಕು ಗುರುಗಳೇ. ಅವರು ಹೇಳಿದ್ದೆಲ್ಲ ನಿಜ. ಆದ್ರೆ, ಹಿಡಿಸದಿದ್ರೆ ಸುಮ್ಮನೆ ಬಿಟ್ಟು ಹೋಗಬಹುದಿತ್ತಲ್ಲ? ಇಷ್ಟು ಹೊತ್ತು ಯಾಕೆ ಬೈದ್ರು?"

ಗುರುಗಳು ಅವಳ ತಟ್ಟೆಗೆ ಅನ್ನ ಬಡಿಸಿ, ಮೇಲೆ ತುಪ್ಪ ಹಾಕಿದರು.

"ಬಿಟ್ಟು ಹೋಗೋರು ಬೈಯೋದಿಲ್ಲ ಮಗಳೇ. ಮೊದಲು ಉಣ್ಣು. ಆಮೇಲೆ ಆಕೆಯನ್ನೇ ಕೇಳು, ಹೊಸ ಪುಟ ಇಬ್ಬರೂ ಕೂತು ಬರೆಯೋಣವಾ ಅಂತ."