ಸುಯ್ ಅನ್ನುವ ಪೆಟ್ಟಿಗೆಯೂ ಗುರಬಸನೂ

ಹೂಂಗುಟ್ಟುವವರು ಮುಂದೆ ಕೂತುಕೊಳ್ಳಿ, ನಗುವವರು ಗೋಡೆಗೆ ಒರಗಿ ಕೂತುಕೊಳ್ಳಿ. ನಕ್ಕು ಸೊಂಟ ಉಳುಕಿಸಿಕೊಂಡರೆ ನನ್ನನ್ನು ಕೇಳಬೇಡಿ.

ಒಂದು ಮಗ್ಗದ ಊರು. ಆ ಊರಲ್ಲಿ ನೀಲವ್ವ ಅಂತ ಒಬ್ಬ ಹೆಣ್ಣುಮಗಳು. ಪವರ್‌ಲೂಮಿನ ಶೆಡ್ಡಿನಲ್ಲಿ ದಾರ ಸುತ್ತುವ ಕೆಲಸ. ಗಂಡ ತೀರಿಕೊಂಡಿದ್ದ, ಇದ್ದವನು ಒಬ್ಬನೇ ಮಗ, ಗುರಬಸ. ಅವನಿಗೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಸೋಮಾರಿ ಅಂತ ಮಾತ್ರ ಅನ್ನಬೇಡಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ.

ಅವ್ವನ ಶೆಡ್ಡಿನಲ್ಲೇ ಅವನನ್ನೂ ಕೆಲಸಕ್ಕೆ ಇಟ್ಟುಕೊಂಡ ಸಾವ್ಕಾರ "ಹರದದ್ದು ಕಂಡ್ರ ಗಂಟು ಹಾಕು" ಅಂದಿದ್ದ. ಗುರಬಸ ಒಂದಷ್ಟು ಹೊತ್ತು ದಾರಕ್ಕೆ ಗಂಟು ಹಾಕಿದ. ಆಮೇಲೆ ಸಾವ್ಕಾರನ ಧೋತರದ ಅಂಚು ಹರಿದದ್ದು ಕಂಡಿತು. ಅದಕ್ಕೂ ಗಂಟು ಹಾಕಿದ, ಪಕ್ಕದ ಮಗ್ಗದ ಕಾಲಿಗೆ. ಸಾವ್ಕಾರ ಎದ್ದು ಹೊರಟ. ಧೋತರ ಹೊರಡಲಿಲ್ಲ. ಅಲ್ಲಿಗೆ ಮಗ್ಗದ ಕೆಲಸ ಮುಗಿಯಿತು.

ಉಳಿದದ್ದು ಅಪ್ಪಾಸಾಬನ ಸ್ಟುಡಿಯೋ ಒಂದೇ. ಅಪ್ಪಾಸಾಬ ಜಾನಪದ ಹಾಡು ರೆಕಾರ್ಡ್ ಮಾಡಿ ಮೊಬೈಲಿಗೆ ಬಿಡುವವನು. ವಾರವಿಡೀ ಊರು ಖಟಖಟ ಅನ್ನುತ್ತಿದ್ದರಿಂದ ಅವನ ರೆಕಾರ್ಡಿಂಗೆಲ್ಲ ಸೋಮವಾರ, ಮಗ್ಗಕ್ಕೆ ರಜೆ ಇದ್ದ ದಿನ. ನೀಲವ್ವ ಅವನ ಕಾಲು ಹಿಡಿಯುವುದೊಂದು ಬಾಕಿ. ಅಪ್ಪಾಸಾಬ ಒಪ್ಪಿದ. ನೀಲವ್ವ ಮನೆಗೆ ಬಂದು ಮಗನ ಗಲ್ಲ ಹಿಡಿದು ಹೇಳಿದಳು.

"ಮಗನ, ಊರಾಗ ಇನ್ನ ಬ್ಯಾರೆ ಬಾಗಲಾ ಉಳದಿಲ್ಲ. ಈ ಕೆಲಸ ಹೋತಂದ್ರ ನನ್ನ ಕಡೆ ಹೇಳಾಕ ಮಾತೂ ಉಳಿಯಂಗಿಲ್ಲ. ತಿಳೀತಿಲ್ಲೋ?"

"ತಿಳೀತವ್ವಾ."

ಅವ್ವನ ಹಿಂದೆ ಒಲೆಯ ಮೇಲೆ ಕುಕ್ಕರ್ ಸುಯ್ ಅನ್ನುತ್ತಿತ್ತು. ಗುರಬಸ ಅದನ್ನೇ ನೋಡುತ್ತ ಕೂತಿದ್ದ. ಬೇಳೆ ಸೀದು ಹೋಯಿತು. "ಸುಯ್ ಅಂದ್ರ ನೋಡಕೋತ ಕುಂದ್ರಬಾರದೋ, ಥಟ್ಟನ ಆರಸಬೇಕು" ಅಂತ ಅವ್ವ ಬೈದಳು. ಗುರಬಸ ಆ ಮಾತನ್ನು ಗಟ್ಟಿಯಾಗಿ ನೆನಪಿಟ್ಟುಕೊಂಡ.

ಸೋಮವಾರ ಬಂತು. ಗಾಜಿನ ಕೋಣೆಯೊಳಗೆ ಚಂಪಾಬಾಯಿ ನಿಂತಿದ್ದಳು. ಸುತ್ತ ಹತ್ತು ಊರಿನ ಮದುವೆಗಳಲ್ಲಿ ಅವಳ ಹಾಡಿಲ್ಲದೆ ಅಕ್ಕಿಕಾಳು ಬೀಳುತ್ತಿರಲಿಲ್ಲ. ಇತ್ತ ಕಡೆ ಕೂತ ಅಪ್ಪಾಸಾಬನ ಎದುರು ಎರಡು ಹೊಸ ಮಾನಿಟರ್ ಸ್ಪೀಕರ್, ಕರಿ ಪೆಟ್ಟಿಗೆಗಳು. ಚಂಪಾಬಾಯಿ ಹಾಡಿದಳು,

"ಬಾರೋ ಮಾವ ಬೆಲ್ಲದ ಚಾ ಕುಡಿಯಾಕ,
ಬಸಿ ತುಂಬ ಹಾಕೇನಿ ನಿನ್ನ ತಡಿಯಾಕ..."

ಒಂದು ನುಡಿ ಮುಗಿಯಿತು. ಉಸಿರಿಗೆ ನಿಂತಳು. ಮಗ್ಗ ಇಲ್ಲ, ಹಾಡಿಲ್ಲ. ಆ ನಿಶ್ಶಬ್ದದಲ್ಲಿ ಗುರಬಸನ ಕಿವಿಯ ಪಕ್ಕದ ಪೆಟ್ಟಿಗೆ ಸುಯ್ ಅಂತು. ಗುರಬಸ ನೋಡುತ್ತ ಕೂಡಲಿಲ್ಲ. ಓಡಿ ಹೋಗಿ ಮೇನ್ ಸ್ವಿಚ್ ಎಳೆದ. ದೀಪ ಹೋಯಿತು, ಕಂಪ್ಯೂಟರ್ ಹೋಯಿತು, ಹಾಡೂ ಹೋಯಿತು.

"ಯಾಂವಲೇ ಅಂವ?" ಅಂದ ಅಪ್ಪಾಸಾಬ ಕತ್ತಲಲ್ಲಿ.

"ನಾನ್ರಿ ಅಣ್ಣಾರ. ಪೆಟಗಿ ಸುಯ್ ಅಂತ್ರಿ. ಹೊತ್ತೋದ್ರೊಳಗ ಆರಸೀನ್ರಿ."

ಅಪ್ಪಾಸಾಬ ಕೆಟ್ಟವನಲ್ಲ. ತಲೆ ಚಚ್ಚಿಕೊಂಡು, ತಾಳ್ಮೆ ತಂದುಕೊಂಡು ಹೇಳಿದ. "ಅದು ಕುಕ್ಕರ್ ಅಲ್ಲೋ ತಮ್ಮಾ. ಆ ಪೆಟಗಿ ಹೊಟ್ಯಾಗ ಅದರದ ಆಂಪ್ಲಿಫೈಯರ್ ಐತಿ. ಕರೆಂಟ್ ಇರೂತನಕ ಉಸರಾಡ್ತೈತಿ. ಹೊತ್ತಂಗಿಲ್ಲ, ಏನಿಲ್ಲ. ಸುಯ್ ಅಂದ್ರ ಹೆದರಬ್ಯಾಡ, ಹಿಂದ ಸರಕೋ. ದೂರ ಹೋದ್ರ ಕೇಳಂಗಿಲ್ಲ."

"ಹೌದ್ರಿ. ಹಿಂದ ಸರೀತೀನ್ರಿ."

ಮರುದಿನ ನೀಲವ್ವ ಹಾಲು ಒಲೆಯ ಮೇಲಿಟ್ಟು, "ನೋಡಕೋ" ಅಂತ ಹೇಳಿ ನೀರಿಗೆ ಹೋದಳು. ಹಾಲು ಉಕ್ಕಿತು, ಒಲೆಗೆ ಸುರಿಯಿತು, ಸುಯ್ ಅಂತು. ಗುರಬಸ ಹೆದರಲಿಲ್ಲ. ಹಿಂದೆ ಸರಿದ. ಇನ್ನೂ ಕೇಳುತ್ತಿತ್ತು. ಹೊಸ್ತಿಲು ದಾಟಿದ. ಇನ್ನೂ ಕೇಳುತ್ತಿತ್ತು. ಓಣಿಯ ತುದಿಯ ಹಿಟ್ಟಿನ ಗಿರಣಿಯ ತನಕ ಹಿಂದೆ ಹಿಂದೆ ನಡೆದ. ಅಲ್ಲಿ ಕೇಳಲಿಲ್ಲ. ಕೊಡ ಹೊತ್ತು ಬಂದ ಅವ್ವನಿಗೆ ಸಂತೋಷದಿಂದ ಹೇಳಿದ, "ಅವ್ವಾ, ಹಾಲಿಂದು ಈಗ ಸದ್ದ ಇಲ್ಲ."

ನೀಲವ್ವ ಓಡಿ ಹೋಗಿ ನೋಡಿದರೆ, ಸದ್ದಿರಲು ಹಾಲೇ ಇರಲಿಲ್ಲ. ಪಾತ್ರೆ ಕರಿಕಾಗಿತ್ತು.

"ನನ್ನ ಹೊಟ್ಟಿ ಉರಸಾಕ ಹುಟ್ಟೀಯೇನೋ" ಅಂತ ನೀಲವ್ವ ನೆಲಕ್ಕೆ ಕೂತಳು. "ಸುಯ್ ಅಂದ್ರ ಓಡಿ ಹೋಗೂದಲ್ಲ. ಒಂದೀಟ ನೀರ ಚಿಮಕಸಬೇಕು. ತಣ್ಣಗಾಗತೈತಿ."

"ಹೌದವ್ವಾ. ನೀರ ಚಿಮಕಸ್ತೀನಿ."

ಇನ್ನು ನಿಮಗೆ ನಾನು ಹೇಳಬೇಕೇ? ಮುಂದಿನ ಸೋಮವಾರ ಅಪ್ಪಾಸಾಬ ಮೂಗಿನ ಮೇಲೆ ಕನ್ನಡಕ ಇಳಿಸಿಕೊಂಡು ಕಂಪ್ಯೂಟರಿನಲ್ಲಿ ಹಾಡು ಕತ್ತರಿಸುತ್ತಿದ್ದ. ಪೆಟ್ಟಿಗೆ ಸುಯ್ ಅಂತು. ಗುರಬಸ ತಂಬಿಗೆ ತಂದ. ಬೊಗಸೆಯಲ್ಲಿ ನೀರು ತೆಗೆದುಕೊಂಡು, ಕೂಸಿನ ತಲೆಗೆ ಎರೆಯುವ ಹಾಗೆ ಪ್ರೀತಿಯಿಂದ ಪೆಟ್ಟಿಗೆಗೆ ಚಿಮುಕಿಸಿದ. ಎರಡನೆಯ ಬೊಗಸೆಗೆ ಅಪ್ಪಾಸಾಬ ಅಡ್ಡ ಬಿದ್ದ. ಅದು ಅವನ ಮುಖಕ್ಕೆ ಬಿತ್ತು.

ಅವತ್ತು ಮಧ್ಯಾಹ್ನದ ತನಕ ಸ್ಟುಡಿಯೋದ ಮಾಳಿಗೆಯ ಮೇಲೆ ಸಂಡಿಗೆಯ ಪಕ್ಕದಲ್ಲಿ ಎರಡು ಸ್ಪೀಕರ್ ಒಣಗುತ್ತಿದ್ದವು. ದೇವರು ದೊಡ್ಡವನು, ಕೆಟ್ಟಿರಲಿಲ್ಲ. ಒಣಗಿ ಬಂದು ಮತ್ತೆ ಸುಯ್ ಅಂದವು. ಅಪ್ಪಾಸಾಬ ಗುರಬಸನನ್ನು ಪೆಟ್ಟಿಗೆಯ ಬೆನ್ನಿಗೆ ಕರೆದುಕೊಂಡು ಹೋಗಿ ಒಂದು ಗುಂಡನೆಯ ತಿರುಪು ತೋರಿಸಿದ.

"ಇಲ್ಲಿ ನೋಡು. ದನಿ ಹೆಚ್ಚಿಗಿ ಇಟ್ಟಷ್ಟು ಸುಯ್ ಹೆಚ್ಚಿಗಿ. ಸುಯ್ ಅಂದ್ರ ನೀರ ಹಾಕೂದಲ್ಲ. ಹಿಂದ ಹೋಗು, ಗುಂಡಂದು ಇರ್ತೈತಿ, ಸಾವಕಾಶ ಎಡಕ್ಕ ತಿರವು. ಕಡಿಮಿ ಆಗ್ತೈತಿ."

"ಹೌದ್ರಿ. ಹಿಂದ ಹೋಗಿ, ಗುಂಡಂದು, ಎಡಕ್ಕ."

ಹೊತ್ತು ಇಳಿಯಿತು. ಚಂಪಾಬಾಯಿ ಹಾಡು ಮುಗಿಸಿ ಹೊರಗೆ ಬಂದಳು. ಚಹಾ ಬಂತು, ಮಿರ್ಚಿ ಭಜಿ ಬಂತು. ಮೆಣಸಿನಕಾಯಿ ಖಾರ ಇತ್ತು. ಚಂಪಾಬಾಯಿ ಒಂದು ಕಚ್ಚಿ, ಕಣ್ಣಲ್ಲಿ ನೀರು ತಂದುಕೊಂಡು ಸುಯ್ ಅಂದಳು.

ಗುರಬಸ ಹಿಂದೆ ಹೋದ. ಗುಂಡನೆಯದು ಇತ್ತು. ಮಲ್ಲಿಗೆ ಸುತ್ತಿದ ದೊಡ್ಡ ತುರುಬು. ಸಾವಕಾಶ ಎಡಕ್ಕೆ ತಿರುವಿದ.

ತುರುಬು ಕೈಗೇ ಬಂತು. ಚೌರಿ ಹಾಕಿ ಕಟ್ಟಿದ ತುರುಬು ಅಂತ ಆ ಊರಿಗೆ ಅವತ್ತು ಗೊತ್ತಾಯಿತು. ಚಂಪಾಬಾಯಿ ಸುಯ್ ಅನ್ನುವುದನ್ನು ಬಿಟ್ಟು ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು. ಗುರಬಸ ಅಪ್ಪಾಸಾಬನ ಕಡೆ ತಿರುಗಿ, "ಪೂರಾ ಕಡಿಮಿ ಆತ್ರಿ" ಅಂದ.

ಚಂಪಾಬಾಯಿಯನ್ನು ಸಮಾಧಾನ ಮಾಡಲು ಒಂದು ಇಳಕಲ್ ಸೀರೆ ಬೇಕಾಯಿತು. ಅವಳು ಹೋದ ಮೇಲೆ ಅಪ್ಪಾಸಾಬ ನೀಲವ್ವನನ್ನು ಕರೆಸಿ, ತಾಯಿ ಮಗ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡ. "ನೀಲವ್ವಾ, ಇದು ಕಡೇದು. ಇನ್ನೊಂದು ಏನಾರ ಮಾಡಿದಾಂದ್ರ ಮನಿಗೆ ಕಳಸ್ತೀನಿ." ಆಮೇಲೆ ಮಗನ ಕಡೆ ತಿರುಗಿದ. "ಲೇ, ಕೇಳು. ಸುಯ್ ಅನ್ನೂದು ಯಾವಾಗ್ಲೂ ಇರೂದ. ಹಾಡು ನಡದಾಗ ಕೇಳಂಗಿಲ್ಲ, ಹಾಡು ನಿಂತಾಗ ಕೇಳತೈತಿ. ಹಿಂದ ಹೋಗಬ್ಯಾಡ, ತಿರವಬ್ಯಾಡ. ಸುಯ್ ಅಂದ್ರ ಒಂದು ಹಾಡು ಹಚ್ಚು. ಕಂಪ್ಯೂಟರಿಂದು ಈ ಉದ್ದನ ಬಟನ್ ಒತ್ತಿದ್ರಾತು. ಮುಚ್ಚಿ ಹೋಗತೈತಿ."

"ಹೌದ್ರಿ. ಹಾಡು ಹಚ್ತೀನ್ರಿ."

ನೀಲವ್ವ ಮನೆಗೆ ಹೋಗುವ ದಾರಿಯುದ್ದಕ್ಕೂ ಮಗನಿಂದ ಆ ಮಾತು ಹೇಳಿಸಿದಳು. ಸುಯ್ ಅಂದ್ರ? ಹಾಡು. ಸುಯ್ ಅಂದ್ರ? ಹಾಡು. ಈ ಸಲ ತಪ್ಪುವ ಹಾಗೇ ಇಲ್ಲ ಅಂತ ಅವಳಿಗೆ ಧೈರ್ಯ ಬಂತು. ಪಾಪ.

ಆ ವಾರವೇ ನೇಕಾರರ ಸಂಘದ ಹಿರಿಯ ಚನಮಲ್ಲಪ್ಪ ತೀರಿಕೊಂಡ. ಊರಿಗೇ ಬೇಕಾದ ಮನುಷ್ಯ. ಸೋಮವಾರ ಸಂಘದ ಮೀಟಿಂಗ್ ಹಾಲಿನಲ್ಲಿ ನುಡಿನಮನ ಇಟ್ಟರು. ಅವನ ಹಳೆಯ ಭಾಷಣವೊಂದನ್ನು ಜನಕ್ಕೆ ಕೇಳಿಸಬೇಕು ಅಂತ ಹೆಂಡತಿ ಗೌರವ್ವನ ಆಸೆ. ಸಂಘದ ಮೈಕು ಗೊರಗೊರ ಅನ್ನುತ್ತಿತ್ತು, ಅಪ್ಪಾಸಾಬ ಸ್ಟುಡಿಯೋದ ಪೆಟ್ಟಿಗೆಗಳನ್ನೇ ತಂದ. ದೊಡ್ಡ ಹಾಲು ಅಂತ ದನಿಯ ತಿರುಪನ್ನು ಪೂರಾ ಏರಿಸಿದ. ಲ್ಯಾಪ್‌ಟಾಪಿನ ಮುಂದೆ ಗುರಬಸನನ್ನು ಕೂರಿಸಿದ. ಸ್ಟುಡಿಯೋದ ಹಾಡುಗಳೂ ಅದರಲ್ಲೇ ಇದ್ದವು. ಭಾಷಣ ಮುಗಿಯಿತು, ಹೆಂಗಸರು ಕಣ್ಣೊರೆಸಿಕೊಂಡರು.

"ನಾ ಸ್ಟೇಜಿನ ಮ್ಯಾಲ ಇರ್ತೀನಿ. ಹೇಳಿದ್ದು ನೆನಪೈತಿಲ್ಲೋ?" ಅಂದ ಅಪ್ಪಾಸಾಬ.

"ಐತ್ರಿ ಅಣ್ಣಾರ."

ಎಲ್ಲರೂ ಎದ್ದು ನಿಂತರು. ಮೌನಾಚರಣೆ. ತಲೆ ಬಗ್ಗಿದವು, ಕಣ್ಣು ಮುಚ್ಚಿದವು. ಕೆಮ್ಮುವವರು ಕೆಮ್ಮು ನುಂಗಿದರು. ಆಗ, ಕೇಳಿ, ಪೆಟ್ಟಿಗೆ ಸುಯ್ ಅಂತು.

ಗುರಬಸನ ಎದೆ ಹಿಗ್ಗಿತು. ಇದು ಅವನಿಗೆ ಬರುತ್ತಿದ್ದ ಪಾಠ. ಉದ್ದನೆಯ ಬಟನ್ ಒತ್ತಿದ.

"ಬಾರೋ ಮಾವ ಬೆಲ್ಲದ ಚಾ ಕುಡಿಯಾಕ..."

ಡೋಲಕಿ ಸಮೇತ ಬಂತು. ಮುಂದಿನ ಸಾಲಿನ ಮುದುಕನೊಬ್ಬ ಬೆಚ್ಚಿ ಪಕ್ಕದವನನ್ನು ತಬ್ಬಿಕೊಂಡ. ನೀಲವ್ವ ಹೆಂಗಸರ ಕಡೆಯಿಂದ ಬಿದ್ದೆದ್ದು ಓಡಿ ಬಂದು, "ಬಂದ್ ಮಾಡೋ" ಅಂದಳು. ಅವನು ಬಂದ್ ಮಾಡಿದ. ಅವಳು ಅವನ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದು ನಿಂತಳು.

"ಮತ್ತೊಮ್ಮೆ ಮೌನ" ಅಂದರು ಸ್ಟೇಜಿನ ಮೇಲಿನಿಂದ. ಮತ್ತೊಮ್ಮೆ ಮೌನ ಆಯಿತು. ಮತ್ತೊಮ್ಮೆ ಸುಯ್ ಅಂತು.

ಕೈ ಇಲ್ಲ. ಬಟನ್ ದೂರ. ಆದರೆ ಹಾಡು ಅಂದರೆ ಹಾಡು, ಯಾರು ಹಾಡಿದರೇನು? ಗುರಬಸ ಬಾಯಿ ತೆರೆದು ತಾನೇ ಹಾಡಿದ.

"ಬಸಿ ತುಂಬ ಹಾಕೇನಿ ನಿನ್ನ ತಡಿಯಾಕ..."

"ನೀಲವ್ವಾ, ಅವನ ಬಾಯಿ ಮುಚ್ಚಬೇ" ಅಂತ ಅಪ್ಪಾಸಾಬ ಕೂಗಿದ. ನೀಲವ್ವ ಗಾಬರಿಯಲ್ಲಿ ಎರಡೂ ಕೈಯಿಂದ ಮಗನ ಬಾಯಿ ಮುಚ್ಚಿದಳು. ಮುಚ್ಚಬೇಕಾದರೆ ಕೈ ಬಿಡಬೇಕಲ್ಲ. ಮೂರನೆಯ ಮೌನ ಶುರುವಾಯಿತು. ಪೆಟ್ಟಿಗೆ ಸುಯ್ ಅಂತು. ಬಿಡುವಾಗಿದ್ದ ಕೈ ಹೋಗಿ ಬಟನ್ ಒತ್ತಿತು.

"ಬಾರೋ ಮಾವ..."

ಹಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಎಲ್ಲರೂ ಸಿಟ್ಟಿನಿಂದ ತಿರುಗಿ ನೋಡಿದರೆ ನಕ್ಕವಳು ಗೌರವ್ವ. ಸೆರಗು ಬಾಯಿಗೆ ಇಟ್ಟುಕೊಂಡರೂ ನಗು ನಿಲ್ಲಲಿಲ್ಲ. ಅವಳು ನಕ್ಕ ಮೇಲೆ ಮಿಕ್ಕವರು ತಡೆದುಕೊಳ್ಳುವುದೆಲ್ಲಿ ಬಂತು, ಹಾಲಿಗೆ ಹಾಲೇ ನಕ್ಕಿತು.

ಗೌರವ್ವ ಕಣ್ಣೊರೆಸಿಕೊಂಡು ಅಪ್ಪಾಸಾಬನಿಗೆ ಹೇಳಿದಳು. "ಅವಂಗ ಬೈಬ್ಯಾಡಪಾ. ನಮ್ಮ ಮನಿಯವರೂ ಹಿಂಗ. ಸುಮ್ಮನ ಕುಂದರ್ರಿ ಅಂದ್ರ ಹಾಡಾಕ ಸುರು ಮಾಡಾವ್ರು. ಅವ್ರು ಹ್ವಾದಾಗಿಂದ ಮನಿಯಾಗ ಬರೇ ಸುಯ್ ಅಂತೈತಿ ನೋಡು."

ಅಪ್ಪಾಸಾಬ ನೀಲವ್ವನ ಮುಖ ನೋಡದೆ, "ಮುಂಜಾನೆ ಪೆಟಗಿ ತಗೊಂಡು ಬರಾಕ ಹೇಳು. ಅವನ ಕೆಲಸದ ಮಾತು ಆವಾಗ ಹೇಳ್ತೀನಿ" ಅಂದ. ಆ ಮಾತಿನ ಅರ್ಥ ನೀಲವ್ವನಿಗೆ ಗೊತ್ತಿತ್ತು. ಮನೆಗೆ ಹೋಗಿ ಒಲೆ ಹಚ್ಚಲಿಲ್ಲ.

ಮುಂಜಾನೆ ಗುರಬಸ ತಳ್ಳುಗಾಡಿ ತೆಗೆದುಕೊಂಡು ಹೋದ. ಹೊತ್ತೇರಿತು, ಪೆಟ್ಟಿಗೆ ಬರಲಿಲ್ಲ. ಅಪ್ಪಾಸಾಬ ಬಾಗಿಲಿಗೆ ಬಂದು ನೋಡಿದ, ಓಣಿಗೆ ಬಂದು ನೋಡಿದ. ಮಗನಿಗಾಗಿ ಬೇಡಿಕೊಳ್ಳಲು ಬಂದಿದ್ದ ನೀಲವ್ವನೂ ಅವನ ಹಿಂದೆ ಬಂದಳು. ಇಬ್ಬರೂ ಹಾಲಿಗೆ ಓಡಿದರು. ಹಾಲಿಗೆ ಬೀಗ. ಸಂಘದ ಜವಾನನನ್ನು ಕೇಳಿದರೆ ಅವನು ಆಚೆ ಓಣಿಗೆ ಬೆರಳು ಮಾಡಿದ. ಅಷ್ಟೊತ್ತಿಗೆ ಮಗ್ಗಗಳ ಖಟಖಟದ ಮೇಲೆ ತೇಲಿ ಬಂತು,

"ಬಾರೋ ಮಾವ ಬೆಲ್ಲದ ಚಾ ಕುಡಿಯಾಕ..."

ಗೌರವ್ವನ ಮನೆಯ ಪಡಸಾಲೆಯಲ್ಲಿ, ಚನಮಲ್ಲಪ್ಪನ ಫೋಟೋದ ಆಚೆಗೊಂದು ಈಚೆಗೊಂದು ಪೆಟ್ಟಿಗೆ. ನಡುವೆ ಗುರಬಸ. ಹಾಡು ಮುಗಿಯುತ್ತಿತ್ತು, ಕಿವಿಗೊಟ್ಟು ಕೇಳುತ್ತಿದ್ದ, ಬಟನ್ ಒತ್ತುತ್ತಿದ್ದ.

"ಇಲ್ಲಿ ಹಚ್ಚಾಕ ಯಾರಲೇ ಹೇಳಿದ್ರು ನಿನಗ?" ಅಂದ ಅಪ್ಪಾಸಾಬ.

"ನೀವ ಹೇಳೀರಲ್ರಿ ಅಣ್ಣಾರ, ಸುಯ್ ಅಂದ್ರ ಹಾಡು ಹಚ್ಚಂತ. ಗೌರವ್ವಾರ ಮನಿಯಾಗ ಬರೇ ಸುಯ್ ಅಂತೈತ್ಯಂತ್ರಿ."

ಅಪ್ಪಾಸಾಬ ಬೈಯಲು ಬಾಯಿ ತೆರೆದ. ಒಳಗಿನಿಂದ ಗೌರವ್ವ ಬೆಲ್ಲದ ಚಹಾ ತಂದು, ಬಸಿಗೆ ಸುರಿದು ಕೈಗಿಟ್ಟಳು. ತೆರೆದ ಬಾಯಿಗೆ ಚಹಾ ಹೋಯಿತು. ಕೆಲಸ ಬಿಡಿಸುವ ಮಾತು ಅದರ ಜೊತೆಗೆ ಕೆಳಗಿಳಿಯಿತು, ಮತ್ತೆ ಮೇಲೆ ಬರಲಿಲ್ಲ.

"ನಾಳೆ ಹೊತ್ತಿಗೆ ಸರಿಯಾಗಿ ಬಾ" ಅಂದ ಕೊನೆಗೆ. ನೀಲವ್ವ ಹೊಸ್ತಿಲ ಮೇಲೆ ಕೂತು, ಎಷ್ಟೋ ದಿನದಿಂದ ತಡೆದಿಟ್ಟಿದ್ದ ಉಸಿರನ್ನು ಉದ್ದಕ್ಕೆ ಬಿಟ್ಟಳು. ಸುಯ್.

ಗುರಬಸ ಅವ್ವನ ಕಡೆ ತಿರುಗಿದ, ಬಟನ್ ಒತ್ತಿದ.