ಮೂವತ್ತಾರು ಅಂಕದ ಹುಡುಗ

೧೯೮೧ರ ಜೂನ್ ೧೨ರಂದು ನನ್ನ ಡೈರಿಯಲ್ಲಿ ಹೀಗೆ ಬರೆದಿದ್ದೇನೆ: "ನನ್ನ ಗಣಿತದ ಪಾಠಕ್ಕೆ ಬರುವ ಹುಡುಗ ಎರಡು ಸಲ ಫೇಲಾಗಿ, ಮೂರನೇ ಸಲ ಮೂವತ್ತಾರು ಅಂಕ ತೆಗೆದು ಪಾಸಾದ. ಶೇಂಗಾ ಉಂಡಿ ಕೊಟ್ಟೆ." ಕೆಳಗೆ ಅವನ ಹೆಸರೂ ಇದೆ.

ನಲವತ್ತು ವರ್ಷದ ಮೇಲೆ ಮೊಮ್ಮಗಳು ಮೃಣಾಲಿನಿಗೆ ಜರ್ಮನಿಯಲ್ಲಿ ಓದಲು ಸೀಟು ಸಿಕ್ಕಿತು. ವಿದ್ಯಾರ್ಥಿವೇತನ ಕೇಳಲು ಗದಗಿನ ಒಂದು ಟ್ರಸ್ಟಿಗೆ ಹೋದೆವು. ಅಧ್ಯಕ್ಷ ಗದಿಗೆಪ್ಪ ಅಂಕಪಟ್ಟಿಯನ್ನು ಪಕ್ಕಕ್ಕೆ ಸರಿಸಿದ.

"ಪಿಯುಸಿಯೊಳಗ ಒಂದು ವಿಷಯ ಫೇಲ್ ಆಗ್ಯಾಳ. ಟೈಫಾಯ್ಡ್ ಬಂದಿತ್ತು ಅಂದ್ರ ನಿಯಮ ಕೇಳೂದಿಲ್ಲ, ಅಕ್ಕೋರ. ಒಮ್ಮೆ ಬಿದ್ದವರನ್ನ ನಮ್ಮ ಟ್ರಸ್ಟ್ ಎತ್ತೂದಿಲ್ಲ."

ನಾನು ಚೀಲದಲ್ಲಿ ತಂದಿದ್ದ ಆ ಹಳೇ ಡೈರಿ ತೆರೆದು, ಹೆಸರು ಬಿಟ್ಟು ಆ ಸಾಲನ್ನು ಅಲ್ಲಿ ಕೂತಿದ್ದ ಸದಸ್ಯರಿಗೆಲ್ಲ ಕೇಳುವಂತೆ ಓದಿದೆ.

"ಎರಡು ಸಲ ಬಿದ್ದಾವ ಈಗ ಎಲ್ಲದಾನ್ರೀ?" ಒಬ್ಬ ಸದಸ್ಯ ನಕ್ಕ.

"ಭಾಳ ದೊಡ್ಡ ಕುರ್ಚಿ ಮ್ಯಾಲೆ. ಹೆಸರು ಓದ್ಲೇನು, ಗದಿಗೆಪ್ಪ?"

ಗದಿಗೆಪ್ಪ ಹಣೆ ಒರೆಸಿಕೊಂಡ. "ಬ್ಯಾಡ್ರಿ. ನಿಯಮ ಹಳೇದಾತು. ಸಭೆ ಕರೆದು ಬದಲು ಮಾಡ್ತೀವಿ."

ಆ ಮಾತು ನಂಬಿ ನಾವು ಬೇರೆಲ್ಲೂ ಕೇಳಲಿಲ್ಲ. ಸಭೆ ನವೆಂಬರಿನಲ್ಲಿ ಸೇರಿ ನಿಯಮ ಬದಲಿಸಿತು. ಸೀಟಿನ ಅವಧಿ ಸೆಪ್ಟೆಂಬರಿಗೇ ಮುಗಿದಿತ್ತು.

ಹೊಸ ನಿಯಮದಲ್ಲಿ ಮೊದಲು ವಿದೇಶಕ್ಕೆ ಹೋದವನು ಗದಿಗೆಪ್ಪನ ಮೊಮ್ಮಗ. ಅವನು ಎರಡು ವಿಷಯಗಳಲ್ಲಿ ಫೇಲಾಗಿದ್ದ. ಆ ನಿಯಮ ಬದಲಿಸಲು ನಾವು ತೆತ್ತ ಬೆಲೆ ಮೃಣಾಲಿನಿಯ ಸೀಟು.